ಹಿಮ್ಮಡಿ ನೋವು ಬಂದ ಮೇಲೂ ಅದೇ ಆಂಟಿಬಯೋಟಿಕ್ ಕೊಡಬಹುದಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಅಪ್ಪನಿಗೆ 66 ವರ್ಷ. ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತಗೊಳ್ತಾರೆ. ದಮ್ಮು ಇದೆ, ಜಾಸ್ತಿಯಾದಾಗ ಸ್ಟೀರಾಯ್ಡ್ ಮಾತ್ರೆ ಕೊಡ್ತಾರೆ. ಹೋದ ತಿಂಗಳು ಕೆಮ್ಮಿಗೆ ಲಿವೋಫ್ಲಾಕ್ಸಾಸಿನ್ 500 ಬರೆದುಕೊಟ್ಟಿದ್ದರು. ನಾಲ್ಕನೇ ದಿನ ಹಿಮ್ಮಡಿಯ ಹಿಂದೆ ನೋವು ಶುರುವಾಯಿತು. ಕೆಮ್ಮು ಕಡಿಮೆಯಾಗಿತ್ತು, ಮಾತ್ರೆ ನಿಲ್ಲಿಸಿದೆವು. ನೋವು ಇನ್ನೂ ಸ್ವಲ್ಪ ಇದೆ. ಈಗ ಮೂತ್ರ ಉರಿ ಬಂದಿದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ, ಉಳಿದ ಮಾತ್ರೆಯನ್ನೇ ಕೊಡಿ, ಇಲ್ಲಾಂದ್ರೆ ಸಿಪ್ರೋಫ್ಲಾಕ್ಸಾಸಿನ್ ಕೊಡ್ತೀನಿ ಅಂದರು. ಕೊಡಬಹುದಾ? ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಈ ಮಾತ್ರೆಯಲ್ಲೂ ಫ್ಲೋರೋ ಅಂತ ಏನೋ ಇದೆಯಂತೆ, ಅದಕ್ಕೇ ನೋವಾ? ಹಾಲಿನ ಜೊತೆ ಕೊಟ್ಟರೆ ಹೀಟ್ ಆಗಲ್ಲ ಅಂತಾರೆ, ನಿಜಾನಾ?

ಉತ್ತರ: ಕೊಡಬೇಡಿ. ಉಳಿದಿರುವ ಲಿವೋಫ್ಲಾಕ್ಸಾಸಿನ್ ಬೇಡ, ಅದರ ಬದಲು ಸಿಪ್ರೋಫ್ಲಾಕ್ಸಾಸಿನ್ ಕೂಡ ಬೇಡ. ಎರಡೂ ಒಂದೇ ಗುಂಪಿನ ಔಷಧ. ಓಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಕೂಡ ಅದೇ ಗುಂಪು. ಮಾತ್ರೆಯ ಹೆಸರಿನ ಕೊನೆಯಲ್ಲಿ ಫ್ಲಾಕ್ಸಾಸಿನ್ ಅಂತ ಇದ್ದರೆ ನಿಮ್ಮ ತಂದೆಯವರಿಗೆ ಅದು ಬೇಡ ಅಂತ ತಿಳಿಯಿರಿ. ಕಂಪನಿ ಹೆಸರು ಬೇರೆ ಬೇರೆ ಇರುತ್ತದೆ, ಅದಕ್ಕೇ ಶೀಟಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ.

ನಾಲ್ಕನೇ ದಿನ ನೋವು ಬಂದಾಗ ಮಾತ್ರೆ ನಿಲ್ಲಿಸಿದ್ದು ಸರಿಯಾಯಿತು. ಆ ದಿನವೇ ಡಾಕ್ಟರಿಗೂ ಹೇಳಬೇಕಿತ್ತು. ಈಗ ಹೇಳಿದರೂ ತಡವಾಗಿಲ್ಲ.

ಮೊದಲು ಆ ನೋವಿನ ವಿಷಯ. ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಸೇರಿಸುವ ದಪ್ಪ ಕಟ್ಟು ಒಂದಿದೆ. ಜನ ಅದನ್ನು ಹಿಮ್ಮಡಿ ನರ ಅಂತಾರೆ, ವೈದ್ಯರು ಸ್ನಾಯುರಜ್ಜು ಅಂತಾರೆ. ಈ ಗುಂಪಿನ ಔಷಧಗಳು ಕೆಲವರಲ್ಲಿ ಆ ಕಟ್ಟಿಗೆ ಉರಿಯೂತ ತರುತ್ತವೆ, ಅಪರೂಪಕ್ಕೆ ಅದು ಹರಿದೇ ಹೋಗುತ್ತದೆ. ಭುಜ, ಕೈಗಳಲ್ಲೂ ಆಗಬಹುದು, ಆದರೆ ಹೆಚ್ಚಾಗಿ ಆಗುವುದು ಹಿಮ್ಮಡಿಯಲ್ಲೇ. ಮಾತ್ರೆ ಶುರುಮಾಡಿದ ಎರಡು ದಿನದೊಳಗೆ ಕಾಣಿಸಿದ್ದೂ ಇದೆ, ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ಕಾಣಿಸಿದ್ದೂ ಇದೆ. 60 ದಾಟಿದವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಅಪಾಯ ಜಾಸ್ತಿ. ನಿಮ್ಮ ತಂದೆಯವರಿಗೆ ಇದರಲ್ಲಿ ಮೊದಲೆರಡೂ ಇವೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಈ ಗುಂಪಿನ ಔಷಧಗಳ ಮೇಲೆ ಸ್ನಾಯುರಜ್ಜಿನ ಬಗ್ಗೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. 2016ರಲ್ಲಿ ಇನ್ನೂ ಮುಂದೆ ಹೋಗಿ, ಸೈನಸ್, ಬ್ರಾಂಕೈಟಿಸ್, ಸಾಮಾನ್ಯ ಉರಿಮೂತ್ರದಂಥ ಕಾಯಿಲೆಗೆ ಬೇರೆ ಔಷಧ ಇರುವಾಗ ಇವನ್ನು ಬರೆಯಬೇಡಿ ಅಂತ ವೈದ್ಯರಿಗೆ ಹೇಳಿತು. ಬ್ರಿಟನ್ 2024ರ ಜನವರಿಯಲ್ಲಿ, ಬೇರೆ ರೂಢಿಯ ಆಂಟಿಬಯೋಟಿಕ್ ಹೊಂದುವುದಿಲ್ಲ ಅಂತಾದಾಗ ಮಾತ್ರ ಇವನ್ನು ಕೊಡಿ ಅಂತ ಕಟ್ಟಪ್ಪಣೆ ಮಾಡಿತು. ನಮ್ಮ ಕಡೆ ಮಾತ್ರ ಇವತ್ತಿಗೂ ಭೇದಿಗೆ ಒಂದು, ಕೆಮ್ಮಿಗೆ ಒಂದು, ಜ್ವರಕ್ಕೆ ಒಂದು ಅಂತ ಇವು ಕೈಗೆ ಬರುತ್ತವೆ. ಇದು ನನಗೆ ನಿಜವಾಗಿ ಸಂಕಟ ತರುವ ವಿಷಯ.

ಹಿಮ್ಮಡಿಯ ಕಟ್ಟು ಹರಿದಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ ಅಂತ ಹೇಳುತ್ತೇನೆ. ರೋಗಿಯನ್ನು ಮಂಚದ ಮೇಲೆ ಬೋರಲು ಮಲಗಿಸುತ್ತೇವೆ. ಪಾದಗಳು ಮಂಚದ ಅಂಚಿನಿಂದ ಆಚೆಗೆ ಸಡಿಲವಾಗಿ ಇಳಿಬಿದ್ದಿರಬೇಕು. ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಮೆತ್ತಗೆ ಹಿಂಡಿದರೆ, ಕಟ್ಟು ಸರಿಯಿದ್ದಾಗ ಪಾದ ತನ್ನಷ್ಟಕ್ಕೆ ತಾನೇ, ತುದಿಗಾಲಲ್ಲಿ ನಿಂತಾಗಿನ ಹಾಗೆ ಚಾಚಿಕೊಳ್ಳುತ್ತದೆ. ಪೂರ್ತಿ ಹರಿದಿದ್ದರೆ ಪಾದ ಅಲ್ಲಾಡುವುದೇ ಇಲ್ಲ. ಎರಡೂ ಕಾಲು ಹೋಲಿಸಿ ನೋಡಿದರೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ಮೂಳೆ ಡಾಕ್ಟರ ಹತ್ತಿರವೇ ಮಾಡಿಸಿ, ಬೇಕಿದ್ದರೆ ಅವರು ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ನಡೆಯುವಾಗ ಟಪ್ ಅಂತ ಶಬ್ದ ಬಂದರೆ, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅವತ್ತೇ ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಆ ಕಾಲಿಗೆ ಕೆಲಸ ಕಡಿಮೆ ಕೊಡಿ. ಹೊಲದ ಬದು ಹತ್ತಿ ಇಳಿಯುವುದು, ಮೂಟೆ ಹೊರುವುದು, ಹಸುವಿನ ಹಿಂದೆ ಓಡುವುದು ಬೇಡ. ಎಣ್ಣೆ ಹಚ್ಚಿ ಜೋರಾಗಿ ಉಜ್ಜುವುದು, ಕಾಲು ಎಳೆಸುವುದು ಖಂಡಿತ ಬೇಡ. ನೋವಿನ ಜಾಗಕ್ಕೆ ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುತ್ತೇನೆ ಅಂದರೆ ಒಪ್ಪಬೇಡಿ. ಮೊದಲೇ ಬಲ ಕಳೆದುಕೊಂಡ ಕಟ್ಟು ಅದರಿಂದ ಇನ್ನೂ ದುರ್ಬಲವಾಗುತ್ತದೆ. ದಮ್ಮಿನ ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ, ಅದರ ವಿಷಯ ಬೇರೆ.

ಫ್ಲೋರೈಡಿನ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯಿತು. ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ಈ ಅನುಮಾನ ಬರುವುದು ಸಹಜ. ಈ ಔಷಧದ ಅಣುವಿನಲ್ಲಿ ಫ್ಲೋರಿನ್ ಇರುವುದು ನಿಜ. ಆದರೆ ಅದು ಕಾರ್ಬನ್‌ಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಬೋರ್‌ವೆಲ್ ನೀರಿನ ಫ್ಲೋರೈಡಿನ ಹಾಗೆ ಬಿಡಿಯಾಗಿ ಮೂಳೆಗೆ ಹೋಗಿ ಕೂರುವುದಿಲ್ಲ. ಕೆಲವು ದಿನದ ಮಾತ್ರೆಯಿಂದ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಸೇರಿ ಮೂಳೆ ಹಲ್ಲು ಕೆಡುವ ಕಾಯಿಲೆ, ಬರುವುದಿಲ್ಲ. ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದು, ಅದನ್ನೇ ವರ್ಷಗಟ್ಟಲೆ ಕುಡಿದರೆ ಆಗುವ ತೊಂದರೆ ಬೇರೆ. ಅದು ನಿಧಾನವಾಗಿ ಬರುತ್ತದೆ, ಸೊಂಟ, ಕತ್ತು, ಮಂಡಿಗಳನ್ನು ಬಿಗಿಮಾಡುತ್ತದೆ.

ನನ್ನ ಚಿಂತೆ ಇನ್ನೊಂದು ಕಡೆಗಿದೆ. ಈ ತಾಲೂಕುಗಳಲ್ಲಿ ವಯಸ್ಸಾದವರಿಗೆ ಕಾಲುನೋವು ಹೊಸದಲ್ಲ. ಹಾಗಾಗಿ ಮಾತ್ರೆಯಿಂದ ಹಿಮ್ಮಡಿ ನೋವು ಬಂದರೂ, ನೀರಿನ ದೋಷ, ವಯಸ್ಸಾಯ್ತಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ, ಮಾತ್ರೆ ಮುಂದುವರಿಯುತ್ತದೆ. ಹಳೆಯ ನೋವು ಯಾವುದು, ಮಾತ್ರೆ ಶುರುವಾದ ಮೇಲೆ ಬಂದ ಹೊಸ ನೋವು ಯಾವುದು ಅಂತ ನೀವು ಬೇರೆ ಮಾಡಿ ನೋಡಿದ್ದೀರಿ. ಅದು ತುಂಬಾ ಬೆಲೆಯುಳ್ಳ ಮಾಹಿತಿ. ಕಾಲಿನ ಜೋಮಿನ ವಿಷಯವೂ ಹೀಗೇ. ಶುಗರ್ ಇದ್ದವರಿಗೆ ಪಾದ ಜುಮ್ ಅನ್ನುವುದು ಮೊದಲೇ ಇರುತ್ತದೆ. ಈ ಔಷಧಗಳಿಂದಲೂ ನರಗಳಿಗೆ ತೊಂದರೆಯಾಗಿ ಜೋಮು, ಉರಿ ಬರಬಹುದು, ಕೆಲವರಿಗೆ ಅದು ಹಾಗೇ ಉಳಿದುಬಿಡುತ್ತದೆ. ಹೊಸದಾಗಿ ಬಂತು ಅಂದರೆ ಅವತ್ತೇ ಹೇಳಬೇಕು.

ಶುಗರ್ ಅಂದೆನಲ್ಲ, ನಿಮ್ಮ ತಂದೆಯವರ ಚೀಟಿಯಲ್ಲಿ ನನ್ನ ಕಣ್ಣು ನಿಂತಿದ್ದು ಗ್ಲಿಮೆಪಿರೈಡ್ ಮೇಲೆ. ಫ್ಲಾಕ್ಸಾಸಿನ್ ಗುಂಪಿನ ಔಷಧಗಳು ಶುಗರನ್ನು ಏರಿಸಲೂಬಹುದು, ಇಳಿಸಲೂಬಹುದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತಗೊಳ್ಳುವ ವಯಸ್ಸಾದವರಲ್ಲಿ ಶುಗರ್ ದಿಢೀರ್ ಇಳಿದು ಪ್ರಜ್ಞೆ ತಪ್ಪಿದ ಪ್ರಕರಣಗಳಿವೆ. 2018ರಲ್ಲಿ ಅಮೆರಿಕದ ಸಂಸ್ಥೆ ಇದರ ಬಗ್ಗೆಯೂ ಎಚ್ಚರಿಕೆಯನ್ನು ಗಟ್ಟಿ ಮಾಡಿತು. ಜ್ವರ ಬಂದಾಗ ಊಟ ಸೇರುವುದಿಲ್ಲ, ಶುಗರ್ ಮಾತ್ರೆ ಮಾತ್ರ ತಪ್ಪದೆ ಹೋಗುತ್ತಿರುತ್ತದೆ, ಮೇಲೆ ಈ ಆಂಟಿಬಯೋಟಿಕ್. ಮೈ ಬೆವರುವುದು, ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು ಕಂಡರೆ ಗ್ಲೂಕೋಮೀಟರ್ ಹುಡುಕುತ್ತಾ ಕೂರಬೇಡಿ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು.

ಇನ್ನು ದಮ್ಮಿನ ಮಾತ್ರೆಗಳು. ನಮ್ಮ ಕಡೆ ದಮ್ಮಿಗೆ ಡೆರಿಫಿಲಿನ್ ಬಹಳ ಮನೆಗಳಲ್ಲಿರುತ್ತದೆ. ಅದರಲ್ಲಿ ಥಿಯೋಫಿಲಿನ್ ಇದೆ. ಸಿಪ್ರೋಫ್ಲಾಕ್ಸಾಸಿನ್ ಜೊತೆ ಕೊಟ್ಟರೆ ಥಿಯೋಫಿಲಿನ್ ದೇಹದಿಂದ ಬೇಗ ಹೊರಗೆ ಹೋಗುವುದಿಲ್ಲ, ರಕ್ತದಲ್ಲಿ ಏರುತ್ತಾ ಹೋಗುತ್ತದೆ. ವಾಂತಿ, ಎದೆ ಡವಡವ, ಕೆಲವೊಮ್ಮೆ ಫಿಟ್ಸ್ ಕೂಡ. ಮೆಡಿಕಲ್ ಸ್ಟೋರಿನವರು ಸಿಪ್ರೋ ಕೊಡ್ತೀನಿ ಅಂದಾಗ, ಮನೆಯಲ್ಲಿ ಏನೇನು ಮಾತ್ರೆ ನಡೀತಿದೆ ಅಂತ ಕೇಳಿದರಾ? ಸೊಂಟನೋವಿಗೆ ಕೊಡುವ ಟಿಜಾನಿಡಿನ್ ಇರುವ ಮಾತ್ರೆಯನ್ನಂತೂ ಸಿಪ್ರೋ ಜೊತೆ ಕೊಡಲೇಬಾರದು, ಬಿ.ಪಿ. ಕುಸಿದು ಜನ ಬಿದ್ದುಹೋಗುತ್ತಾರೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೆ ರಕ್ತಸ್ರಾವದ ಅಪಾಯ ಏರುತ್ತದೆ. ಹೃದಯದ ಬಡಿತ ತಪ್ಪುವ ಕಾಯಿಲೆ ಇದ್ದವರು, ಫಿಟ್ಸ್ ಇದ್ದವರು, ಮಯಸ್ತೀನಿಯಾ ಗ್ರೇವಿಸ್ ಅನ್ನುವ ಸ್ನಾಯು ನಿಶ್ಶಕ್ತಿ ಇದ್ದವರು, ಹೊಟ್ಟೆ ಅಥವಾ ಎದೆಯ ಮಹಾಧಮನಿ ಉಬ್ಬಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾದವರು, ಇವರೆಲ್ಲ ಡಾಕ್ಟರ್ ಪೆನ್ನು ತೆಗೆಯುವ ಮುಂಚೆಯೇ ಅದನ್ನು ಹೇಳಬೇಕು. ಕಿಡ್ನಿ ದುರ್ಬಲವಾಗಿದ್ದರೆ ಲಿವೋಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಎರಡರ ಪ್ರಮಾಣವನ್ನೂ ಕಡಿಮೆ ಮಾಡಬೇಕಾಗಬಹುದು. ಅದಕ್ಕೇ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಹೊಸ ವರದಿ ಜೊತೆಯಲ್ಲಿರಲಿ.

ಹಾಲಿನ ವಿಷಯಕ್ಕೆ ಬರೋಣ. ಹೀಟ್ ಆಗದಿರಲಿ ಅಂತ ಹಾಲು ಕೊಡುವುದು ನಮ್ಮಲ್ಲಿ ತುಂಬಾ ಇದೆ, ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಸಿಪ್ರೋಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್ ಹಾಲು ಮೊಸರಿನ ಕ್ಯಾಲ್ಸಿಯಂ ಜೊತೆ ಹೊಟ್ಟೆಯಲ್ಲೇ ಕಟ್ಟಿಕೊಳ್ಳುತ್ತವೆ. ಸಿಪ್ರೋ ಜೊತೆ ಹಾಲು ಕುಡಿದರೆ ಸುಮಾರು ಮೂರನೇ ಒಂದು ಭಾಗ ಔಷಧ ರಕ್ತಕ್ಕೆ ಸೇರುವುದೇ ಇಲ್ಲ. ಮಾತ್ರೆ ತಗೊಂಡ ಹಾಗೂ ಆಯಿತು, ರೋಗಾಣು ಸಾಯದೆ ಉಳಿದ ಹಾಗೂ ಆಯಿತು. ಲಿವೋಫ್ಲಾಕ್ಸಾಸಿನ್‌ಗೆ ಹಾಲಿನಿಂದ ಅಷ್ಟು ತೊಂದರೆಯಿಲ್ಲ. ಆದರೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಜಿಂಕ್ ಇರುವ ವಿಟಮಿನ್, ಡೈಜೀನ್ ಜೆಲುಸಿಲ್‌ನಂಥ ಗ್ಯಾಸಿನ ಔಷಧ ಇಡೀ ಗುಂಪಿಗೇ ಅಡ್ಡಿ. ಗ್ಯಾಸಿಗೇ ಕೊಡುವ ಪ್ಯಾಂಟೋಪ್ರಜೋಲ್ ಮಾತ್ರೆಯಿಂದ ಈ ಅಡ್ಡಿಯಿಲ್ಲ. ಸಿಪ್ರೋ ನುಂಗಿ ಎರಡು ಗಂಟೆ ಆದ ಮೇಲೆ ಅಡ್ಡಿ ಮಾಡುವ ಆ ಔಷಧಗಳನ್ನು ತಗೊಳ್ಳಬಹುದು, ಮೊದಲೇ ತಗೊಂಡಿದ್ದರೆ ಸಿಪ್ರೋಗೆ ಆರು ಗಂಟೆ ಕಾಯಬೇಕು.

ರಾಗಿ ಮುದ್ದೆ ಬಿಡಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ನನಗೆ ಗೊತ್ತು. ಬಿಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ, ಸಿಪ್ರೋ ನುಂಗುವವರು ಮುದ್ದೆ, ಅಂಬಲಿಗೂ ಮಾತ್ರೆಗೂ ನಡುವೆ ಎರಡು ಗಂಟೆ ಬಿಡಲಿ ಅಂತ ನಾನು ಹೇಳುತ್ತೇನೆ. ಬರೀ ನೀರಿನ ಜೊತೆ, ಒಂದು ದೊಡ್ಡ ಲೋಟ ತುಂಬ ನೀರಿನ ಜೊತೆ ಮಾತ್ರೆ ನುಂಗಬೇಕು. ದಿನವಿಡೀ ನೀರು ಚೆನ್ನಾಗಿ ಕುಡಿಯಬೇಕು. ಸಿಪ್ರೋ ನಡೆಯುತ್ತಿರುವಾಗ ಕಾಫಿ ಕಡಿಮೆ ಮಾಡಿದರೆ ಒಳ್ಳೆಯದು, ಕೆಫೀನ್ ಕೂಡ ದೇಹದಲ್ಲಿ ಉಳಿದು ನಿದ್ದೆ ಕೆಡಿಸುತ್ತದೆ. ಮಾತ್ರೆ ತಿಂದು ಬಿಸಿಲಲ್ಲಿ ಟೊಮೆಟೊ ಬಿಡಿಸಲು ಹೋದವರಿಗೆ ಮುಖ, ಕೈ ಸುಟ್ಟ ಹಾಗೆ ಕೆಂಪಾಗುವುದೂ ಉಂಟು. ತುಂಬು ತೋಳಿನ ಅಂಗಿ, ತಲೆಗೆ ಟವಲ್ ಇರಲಿ.

ಈಗ ನಿಮ್ಮ ತಂದೆಯವರ ಕೆಮ್ಮು. ಕಡಿಮೆಯಾಯಿತು ಅಂದಿರಿ, ಪೂರ್ತಿ ಹೋಯಿತಾ? ಈ ಪ್ರಶ್ನೆ ಯಾಕೆ ಅಂದರೆ, ಲಿವೋಫ್ಲಾಕ್ಸಾಸಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಟಿ.ಬಿ. ರೋಗಾಣುವಿನ ಮೇಲೂ ಕೆಲಸ ಮಾಡುತ್ತವೆ. ಮಾಮೂಲಿ ಔಷಧಕ್ಕೆ ಬಗ್ಗದ ಟಿ.ಬಿ.ಗೆ ಇವೇ ಮುಖ್ಯ ಔಷಧಗಳು. ಟಿ.ಬಿ. ಇರುವವರಿಗೆ ಗೊತ್ತಿಲ್ಲದೆ ಐದು ದಿನ ಲಿವೋಫ್ಲಾಕ್ಸಾಸಿನ್ ಕೊಟ್ಟರೆ ಕೆಮ್ಮು ಸ್ವಲ್ಪ ಇಳಿಯುತ್ತದೆ, ಕಫದ ಪರೀಕ್ಷೆಯಲ್ಲಿ ರೋಗ ಸಿಗದೆ ತಪ್ಪಿಸಿಕೊಳ್ಳುತ್ತದೆ, ಒಳಗೆ ಮಾತ್ರ ಬೆಳೆಯುತ್ತಿರುತ್ತದೆ. ಮುಂದೆ ನಿಜವಾಗಿ ಬೇಕಾದಾಗ ಆ ಔಷಧ ನಾಟದಂತೆಯೂ ಆಗಬಹುದು. ಶುಗರ್ ಇದ್ದವರಿಗೆ ಟಿ.ಬಿ. ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಕೆಮ್ಮು ಎರಡು ವಾರ ದಾಟಿದ್ದರೆ, ತೂಕ ಇಳಿದಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟು ಬನ್ನಿ. ದುಡ್ಡು ಕೊಡಬೇಕಾಗಿಲ್ಲ. ಲಿವೋಫ್ಲಾಕ್ಸಾಸಿನ್ ತಗೊಂಡಿದ್ದರು ಅನ್ನುವುದನ್ನು ಅಲ್ಲಿ ತಪ್ಪದೆ ಹೇಳಿ.

ಟೈಫಾಯ್ಡ್ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ನೀವು ಕೇಳಿಲ್ಲದಿದ್ದರೂ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಔಷಧವನ್ನು ಪ್ರತಿ ಸಲ ಹೊಡೆದರೆ ಹುಳ ಅದಕ್ಕೆ ಬಗ್ಗದಂತಾಗುತ್ತದೆ ಅಲ್ವಾ? 1990ರ ಸುಮಾರಿಗೆ ಹಳೆಯ ಔಷಧಗಳಿಗೆ ಟೈಫಾಯ್ಡ್ ಬಗ್ಗದಾದಾಗ ಸಿಪ್ರೋಫ್ಲಾಕ್ಸಾಸಿನ್ ಎಷ್ಟೋ ಜನರ ಜೀವ ಉಳಿಸಿತು. ಆಮೇಲೆ ಕಂಡಕಂಡ ಜ್ವರಕ್ಕೆಲ್ಲ ಅದನ್ನೇ ಕೊಟ್ಟೆವು. ಇವತ್ತು ಭಾರತದ ಟೈಫಾಯ್ಡ್ ರೋಗಾಣುಗಳಲ್ಲಿ ಹೆಚ್ಚಿನವು ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಆದರೂ ಟೈಫಾಯ್ಡ್‌ಗೆ ಮಾಡುವ ವಿಡಾಲ್ ರಕ್ತಪರೀಕ್ಷೆ ಪಾಸಿಟಿವ್ ಅಂತ ಒಂದು ಚೀಟಿ ಹಿಡಿದು ಓಫ್ಲಾಕ್ಸಾಸಿನ್ ನುಂಗುವವರು ಬೇಕಾದಷ್ಟಿದ್ದಾರೆ. ವಿಡಾಲ್ ನೆಚ್ಚಿಕೊಳ್ಳುವ ಪರೀಕ್ಷೆಯಲ್ಲ, ಆಂಟಿಬಯೋಟಿಕ್ ಶುರುಮಾಡುವ ಮುಂಚೆ ಬ್ಲಡ್ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ, ಆಗಬೇಕು. ಭೇದಿಗೆ ಕೊಡುವ ಓಫ್ಲಾಕ್ಸಾಸಿನ್ ಆರ್ನಿಡಜೋಲ್ ಜೋಡಿ ಮಾತ್ರೆಯದೂ ಇದೇ ಕಥೆ. ನೀರು ಭೇದಿಗೆ ಬಹುಪಾಲು ಬೇಕಾದದ್ದು ಓ.ಆರ್.ಎಸ್. ಮಾತ್ರ. ರಕ್ತ ಬಿದ್ದರೆ, ಜ್ವರ ಜೋರಿದ್ದರೆ ಡಾಕ್ಟರಿಗೆ ತೋರಿಸಿ.

ಹಾಗಂತ ಇದು ಕೆಟ್ಟ ಔಷಧ, ಯಾವತ್ತೂ ಮುಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಸೋಂಕು, ಚಳಿಜ್ವರ ಬಂದು ಪಕ್ಕೆ ನೋಯುವ ಕಿಡ್ನಿ ಸೋಂಕು, ಸ್ಯೂಡೋಮೋನಾಸ್ ಅನ್ನುವ ಹಠಮಾರಿ ರೋಗಾಣು, ಕೆಲವು ಮೂಳೆಯ ಸೋಂಕು, ಇಲ್ಲೆಲ್ಲ ಕಲ್ಚರ್ ಒಪ್ಪಿದರೆ ಇದು ನಿಜಕ್ಕೂ ಒಳ್ಳೆಯ ಔಷಧ, ಬಾಯಿಂದ ನುಂಗಿದರೂ ಸಾಕಷ್ಟು ಮಟ್ಟಿಗೆ ಕೆಲಸ ಮಾಡುತ್ತದೆ. ನಾನೂ ಬರೆಯುತ್ತೇನೆ. ಕಣ್ಣಿನ ಪೊರೆ ಆಪರೇಷನ್ ಆದವರಿಗೆ ಕೊಡುವ ಮಾಕ್ಸಿಫ್ಲಾಕ್ಸಾಸಿನ್ ಡ್ರಾಪ್ಸ್ ಬಗ್ಗೆಯೂ ಹೆದರಬೇಡಿ, ಅದರಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ನಿಮ್ಮ ತಂದೆಯವರ ಉರಿಮೂತ್ರದಲ್ಲಿ ತೊಡಕು ಇರುವುದೂ ಇಲ್ಲೇ. ಹರೆಯದ ಹೆಣ್ಣುಮಕ್ಕಳಿಗೆ ಬರುವ ಸಾಮಾನ್ಯ ಉರಿಮೂತ್ರಕ್ಕೆ ನೈಟ್ರೋಫ್ಯುರಾಂಟೋಯಿನ್ ಐದು ದಿನ, ಅಥವಾ ಫಾಸ್ಫೋಮೈಸಿನ್ ಒಂದೇ ಒಂದು ಸಲ ಕೊಟ್ಟರೆ ಸಾಮಾನ್ಯವಾಗಿ ಮುಗಿಯುತ್ತದೆ. 66 ವರ್ಷದ ಗಂಡಸಿಗೆ ಹಾಗಲ್ಲ. ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಪೂರ್ತಿ ಖಾಲಿಯಾಗುತ್ತಿಲ್ಲವಾ, ಪ್ರಾಸ್ಟೇಟಿಗೇ ಸೋಂಕು ತಗುಲಿದೆಯಾ ಅಂತ ನೋಡಬೇಕು. ಅದಕ್ಕೆ ತಗುಲಿದ್ದರೆ ನೈಟ್ರೋಫ್ಯುರಾಂಟೋಯಿನ್ ಅಲ್ಲಿಗೆ ತಲುಪುವುದಿಲ್ಲ, ಕಿಡ್ನಿ ಸೋತಿದ್ದರೂ ಅದು ಹೊಂದುವುದಿಲ್ಲ. ಶುಗರ್‌ಗೆ ಡಪಾಗ್ಲಿಫ್ಲೋಜಿನ್‌ನಂಥ ಹೊಸ ಮಾತ್ರೆ ಸೇರಿಸಿದ್ದರೆ, ಜನನಾಂಗದ ಚರ್ಮಕ್ಕೆ ಫಂಗಸ್ ಬಂದು ಉರಿಯುತ್ತಿರಬಹುದು. ಅದಕ್ಕೆ ಯಾವ ಆಂಟಿಬಯೋಟಿಕ್ಕೂ ಬೇಡ. ಸೋಂಕೇ ಆಗಿದ್ದರೆ ಕೋಟ್ರೈಮಾಕ್ಸಜೋಲ್ ಅನ್ನುವ ಬೇರೆ ಗುಂಪಿನ ಆಂಟಿಬಯೋಟಿಕ್ ಒಂದು ದಾರಿ, ಆದರೆ ಅದೂ ಗ್ಲಿಮೆಪಿರೈಡ್ ಜೊತೆ ಸೇರಿ ಶುಗರ್ ಇಳಿಸಬಲ್ಲದು. ಇದನ್ನೆಲ್ಲ ಅಂಗಡಿಯ ಕೌಂಟರ್ ಮುಂದೆ ನಿಂತು ತೀರ್ಮಾನ ಮಾಡಲು ಆಗುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಈ ಗುಂಪಿನ ಯಾವ ಮಾತ್ರೆಯನ್ನೂ ಚೀಟಿ ಇಲ್ಲದೆ ಮಾರುವಂತಿಲ್ಲ. ಲಿವೋಫ್ಲಾಕ್ಸಾಸಿನ್ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್-ಒನ್ ಅನ್ನುವ, ಮಾರಾಟಕ್ಕೆ ಇನ್ನೂ ಬಿಗಿ ನಿಯಮವಿರುವ ಔಷಧಗಳ ಪಟ್ಟಿಯಲ್ಲಿದೆ. ಅದನ್ನು ಮಾರಿದಾಗ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅನ್ನುವುದನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಉಳಿದ ಶೀಟನ್ನು ಮನೆಯಲ್ಲಿ ಇಡಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ. ಹಿಮ್ಮಡಿ ನೋವಿನ ವಿಷಯವನ್ನು 1800-180-3024ಕ್ಕೆ ಫೋನ್ ಮಾಡಿ ದಾಖಲಿಸಬಹುದು. ಔಷಧಗಳ ಅಡ್ಡಪರಿಣಾಮ ತಿಳಿಸಲು ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು.

ನಾಳೆ ಬೆಳಗ್ಗೆ ತಂದೆಯವರನ್ನು ಕರೆದುಕೊಂಡು ಹೋಗಿ. ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ, ಸೊಂಟನೋವಿನದು, ಗ್ಯಾಸಿನದು ಕೂಡ. "ಲಿವೋಫ್ಲಾಕ್ಸಾಸಿನ್‌ನಿಂದ ಹಿಮ್ಮಡಿ ನೋವು ಬಂದಿದೆ" ಅಂತ ಒಂದು ಸಾಲನ್ನು ಅವರ ಶುಗರ್ ಪುಸ್ತಕದ ಮೊದಲ ಪುಟದಲ್ಲೇ ಬರೆಸಿ. ಯಾವುದೇ ಆಂಟಿಬಯೋಟಿಕ್ ನುಂಗುವ ಮುಂಚೆ ಮೂತ್ರದ ಕಲ್ಚರ್‌ಗೆ ಕೊಡಿ. ಮೊದಲು ಬಂದ ಮೂತ್ರ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಈ ರಾತ್ರಿಯೇ ಚಳಿಜ್ವರ ಬಂದರೆ, ವಾಂತಿಯಾದರೆ, ಮೂತ್ರ ಕಟ್ಟಿಕೊಂಡರೆ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಸೇರಿಸಿ. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಡಾಕ್ಟರ್ ಬೇರೆ ಔಷಧ ಶುರುಮಾಡಿರುತ್ತಾರೆ. ಉರಿ ಕಡಿಮೆಯಾಗಿದ್ದರೂ ವರದಿಯನ್ನು ತಗೊಂಡು ಹೋಗಿ ತೋರಿಸಿ, ಔಷಧ ಬದಲಿಸಬೇಕಾಗಬಹುದು.